ಪುಟ್ಟಿಯ ಊರು ನೋಡಿ ಬಂದ್ವಿ

ಗದಗ ಬಿಟ್ಟ ಅಮರಾವತಿ ಎಕ್ಸ್‌ಪ್ರೆಸ್ ಸ್ವಲ್ಪ ಹೊತ್ತಿಗೆ ನಮ್ಮ ತಳಕಲ್ ಸ್ಟೇಷನ್ ದಾಟಿತು. ನಿಲ್ಲಲಿಲ್ಲ. ಬೆಳಗ್ಗೆ ಇದೇ ಊರಿಂದ ಬಸ್ ಹತ್ತಿ ಗದಗಿಗೆ ಹೋಗಿದ್ವಿ, ಈಗ ಕಿಟಕಿಯಿಂದ ನಮ್ಮೂರಿಗೇ ಟಾಟಾ ಮಾಡಿದ್ವಿ. ಈ ರೈಲನ್ನ ಕೊಪ್ಪಳದಲ್ಲೇ ಹತ್ತಬಹುದಿತ್ತು. ಆದರೆ ಅಲ್ಲಿ ಗುರುತಿನವರು ಸಿಕ್ಕಿ "ಎಲ್ಲಿಗೆ ಹೊಂಟ್ರಿ?" ಅಂತ ಕೇಳ್ತಾರೆ ಅಂತ ಕಾಕಾ ಗದಗಿಂದ ಟಿಕೆಟ್ ಮಾಡಿಸಿದ್ರು.

ಊರಲ್ಲಿ ಹೇಳಿದ್ದು ಪುರಿ ಜಗನ್ನಾಥನ ದರ್ಶನ ಅಂತ. ನಿಜವಾಗಿ ಹೊರಟಿದ್ದು ಭುವನೇಶ್ವರಕ್ಕೆ, ಮಗು ತರೋಕೆ. ಕಾಕಾ, ಕಾಕಿ, ಅಜ್ಜಿ, ನಾವಿಬ್ರು ಅಣ್ಣ-ತಂಗಿ. ಒಟ್ಟು ಐದು ಜನ. ವಾಪಸ್ ಬರುವಾಗ ಆರು.

ದತ್ತು ಅಂದ್ರೆ ಸಿನಿಮಾದಲ್ಲಿ ತೋರಿಸೋ ಹಾಗೆ ಅನಾಥಾಶ್ರಮಕ್ಕೆ ಹೋಗಿ ಮಗು ಆರಿಸಿಕೊಂಡು ಬರೋದಲ್ಲ. ಕೇಂದ್ರ ದತ್ತು ಪ್ರಾಧಿಕಾರ, ಎಲ್ಲರೂ ಕಾರಾ ಅಂತಾರಲ್ಲ, ಅದರ ಪೋರ್ಟಲ್‌ನಲ್ಲಿ ಹೆಸರು ಹಚ್ಚಬೇಕು. ಅಧಿಕಾರಿಗಳು ಮನೆಗೆ ಬಂದು ನೋಡಿ ವರದಿ ಬರೀತಾರೆ. ಆಮೇಲೆ ಸರದಿ. ಆ ಅರ್ಜಿ ತುಂಬಿದ್ದು ನಾವೇ, ಯಾಕಂದ್ರೆ ಇಂಗ್ಲಿಷ್ ಮೀಡಿಯಂ ಅಂತ ಮನೆಯ ಎಲ್ಲಾ ಆನ್‌ಲೈನ್ ಕೆಲಸ ನಮ್ಮ ತಲೆಗೇ. ಆಗ ಹತ್ತನೇ ಕ್ಲಾಸ್. ಯಾವ ರಾಜ್ಯದ ಮಗು ಬೇಕು ಅಂತ ಕೇಳಿದಾಗ ಕಾಕಿ "ಎಲ್ಲಿದಾದ್ರೂ ನಡೀತೈತಿ ಅಂತ ಬರೀರಿ" ಅಂದಿದ್ರು. ನಾವು ಪಿಯುಸಿ ಮುಗಿಸಿ, ಸಿಇಟಿ ಬರೆದು, ಫಸ್ಟ್ ಇಯರ್‌ನ ಬ್ಯಾಕ್‌ಲಾಗ್ ಲೆಕ್ಕ ಹಾಕೋ ಹೊತ್ತಿಗೆ ಒಂದು ಫೋಟೋ ಬಂತು. 48 ಗಂಟೆಯೊಳಗೆ ಒಪ್ಪಿಗೆ ಹೇಳಬೇಕು ಅಂತ ನಿಯಮ. ಕಾಕಿಗೆ 48 ಸೆಕೆಂಡೂ ಬೇಕಾಗಲಿಲ್ಲ.

ಅಜ್ಜಿ ಮಾತ್ರ ಮುಖ ಗಂಟು ಹಾಕಿಕೊಂಡೇ ಇದ್ದಳು. "ನಾ ಜಗನ್ನಾಥನ ಸಲುವಾಗಿ ಬರ್ತೀನಿ, ಕೂಸಿನ ಸಲುವಾಗಿ ಅಲ್ಲ" ಅಂತ ಹೊರಡೋ ಮುಂಚೆನೇ ಸ್ಪಷ್ಟ ಮಾಡಿದ್ದಳು. ಇನ್ನೊಂದು ಕಂಡೀಷನ್ ಹಾಕಿದ್ದಳು: ಕೂಸಿಗೂ ಊರಿಗೂ ಈ ವಿಷಯ ಎಂದೂ ಗೊತ್ತಾಗಬಾರದು. ಅದಕ್ಕೇ ಕಾಕಾ ರೈಲಲ್ಲೇ ನಮಗೆ ಆರ್ಡರ್ ಮಾಡಿದ್ರು: ಒಂದೂ ಫೋಟೋ ಬೇಡ, ವಾಟ್ಸಾಪ್ ಸ್ಟೇಟಸ್ ಅಂತೂ ಬೇಡವೇ ಬೇಡ.

ಭುವನೇಶ್ವರದಲ್ಲಿ ಪುಟ್ಟಿಯನ್ನ ಮೊದಲ ಸಲ ನೋಡಿದ್ವಿ. ಹದಿನಾಲ್ಕು ತಿಂಗಳು. ಕಾಕಿ ಕೈ ಚಾಚಿದ್ರೆ ಅವಳು ಆಯಾ ಸೀರೆ ಹಿಡಿದುಕೊಂಡು ಅತ್ತಳು. ನಮ್ಮ ಕನ್ನಡದ ಮುದ್ದು ಮಾತೆಲ್ಲ ಅವಳಿಗೆ ಬರೀ ಸದ್ದು. ಆಯಾ "ಜಹ್ನಮಾಮು" ಅಂದಳು, ಪುಟ್ಟಿ ಅಳು ನಿಲ್ಲಿಸಿ ಮೇಲೆ ನೋಡಿದಳು. ಒಡಿಯಾದಲ್ಲಿ ಹಾಗಂದ್ರೆ ಚಂದಮಾಮ. ಕಾಕಿ ಆ ಶಬ್ದವನ್ನ ಅಂಗೈ ಮೇಲೆ ಪೆನ್ನಲ್ಲಿ ಬರ್ಕೊಂಡ್ರು.

ಕಾಗದ ಪತ್ರಕ್ಕೆ ಇನ್ನೂ ಎರಡು ದಿನ ಅಂದ್ರು. ಅದೇ ಆಫೀಸಿನ ಬೆಂಚಿನ ಮೇಲೆ ಇಟಲಿಯ ಗಂಡ-ಹೆಂಡತಿ ಕೂತಿದ್ರು. ವಿದೇಶಕ್ಕೆ ಮಗು ಕರ್ಕೊಂಡು ಹೋಗೋರಿಗೆ ನಿಯಮ ಇನ್ನೂ ಬಿಗಿ. 1993ರ ಹೇಗ್ ಒಪ್ಪಂದದ ಪ್ರಕಾರ ಎರಡೂ ದೇಶ ಒಪ್ಪಬೇಕು, ಮಗುವಿಗೆ ಪಾಸ್‌ಪೋರ್ಟ್ ಆಗಬೇಕು. ಭಾರತ ಆ ಒಪ್ಪಂದಕ್ಕೆ ಸೇರಿದ್ದು 2003ರಲ್ಲಿ. ಅವರು ಕಾಯ್ತಾ ಕಾಯ್ತಾ ಊರೆಲ್ಲ ಸುತ್ತಿ ಒಂದು ದಪ್ಪ ನೋಟ್‌ಬುಕ್ ತುಂಬಿಸಿದ್ರು: ಬಸ್ ಟಿಕೆಟ್, ಒಣಗಿದ ಎಲೆ, ಹೋಟೆಲ್ ಬಿಲ್, ಆಯಾ ಹೇಳಿದ ಶಬ್ದಗಳು. ಯಾಕೆ ಅಂತ ಕೇಳಿದ್ವಿ. ಮಗ ದೊಡ್ಡವನಾದ ಮೇಲೆ ಕೇಳಿದ್ರೆ ಬರಿಗೈಯಲ್ಲಿ ನಿಲ್ಲಬಾರದಲ್ಲ ಅಂತ ಆಕೆ ಹೇಳಿದ್ರು. ಕಾಕಿ "ಏನಂದ್ರು?" ಅಂತ ಕೇಳಿದ್ರು. ನಾವು ಕನ್ನಡ ಮಾಡಿ ಹೇಳಿದ್ವಿ. ಕಾಕಾ ಏನೂ ಮಾತಾಡಲಿಲ್ಲ.

ಮರುದಿನ ಕಾರು ಮಾಡಿಕೊಂಡು ಪುರಿಗೆ ಹೊರಟ್ವಿ. ಮಗು ಅಲ್ಲಿ, ನಾವಿಲ್ಲಿ ಟೂರ್ ಹೊಡೀತಿದೀವಿ ಅಂತ ಕಾಕಿಗೆ ಸಂಕಟ. ದಾರಿಯಲ್ಲಿ ಧೌಲಿ ಸಿಗುತ್ತೆ. ಬಂಡೆಯಿಂದ ಆನೆಯೊಂದು ಅರ್ಧ ಹೊರಗೆ ಬಂದ ಹಾಗೆ ಕೆತ್ತಿದ್ದಾರೆ, ಅದರ ಕೆಳಗೆ ಅಶೋಕನ ಶಾಸನ. ಕಳಿಂಗ ಯುದ್ಧ ಗೆದ್ದ ರಾಜ ಅಲ್ಲಿ ಎಲ್ಲ ಮನುಷ್ಯರೂ ತನ್ನ ಮಕ್ಕಳು ಅಂತ ಬರೆಸಿದ್ದಾನೆ. ಆದರೆ ಯುದ್ಧದಲ್ಲಿ ಸತ್ತವರ ಲೆಕ್ಕ, ಅವನ ಪಶ್ಚಾತ್ತಾಪ ಇರೋ ಹದಿಮೂರನೇ ಶಾಸನ ಬೇರೆ ಕಡೆ ಇದೆ, ಧೌಲಿಯಲ್ಲಿ ಇಲ್ಲ. ಯಾರಿಗೆ ನೋವಾಗಿತ್ತೋ ಅವರ ಊರಲ್ಲೇ ಆ ಮಾತು ಬಿಟ್ಟಿದ್ದಾನೆ.

"ಅಶೋಕಂದು ನಮ್ಮ ಗವಿಮಠದ ಗುಡ್ಡದಾಗೂ ಐತಲ್ಲೋ?" ಅಂದಳು ಅಜ್ಜಿ. ಹೌದು, ಕೊಪ್ಪಳದ ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ ಅವನ ಶಾಸನ ಇದೆ. ಪ್ರತಿ ವರ್ಷ ಜಾತ್ರೆಗೆ ಹೋಗ್ತೀವಿ, ಒಮ್ಮೆನೂ ನೋಡಿಲ್ಲ. ಸಾವಿರ ಕಿಲೋಮೀಟರ್ ದೂರ ಬಂದು ನೆನಪಾಯ್ತು. ಅಜ್ಜಿ ಸ್ವಲ್ಪ ಹೊತ್ತು ಆನೆ ನೋಡ್ತಾ ನಿಂತು, "ಹಂಗಾರ ಈ ಊರಿಗೂ ನಮಗೂ ಮೊದಲಾ ಸಂಬಂಧ ಐತಿ ಅನ್ನು" ಅಂದಳು. ಆಗ ಕಾಕಿ ಗಟ್ಟಿ ಮನಸ್ಸು ಮಾಡಿ ಹೇಳಿದ್ರು: "ಫೋಟೋ ತೆಗೀರಿ. ಇದು ನನ್ನ ಮಗಳ ಊರು."

ಕಾಕಾ ತಾವೇ ಫೋನ್ ತೆಗೆದ್ರು. ಆಮೇಲೆ ನಮ್ಮ ಕೈ ನಿಲ್ಲಲೇ ಇಲ್ಲ. ಪಿಪಿಲಿಯ ಬಣ್ಣಬಣ್ಣದ ಬಟ್ಟೆ ದೀಪಗಳು, ಪುರಿಯ ಸಮುದ್ರ, ಡ್ರೈವರ್ ಅಣ್ಣ, ರಸ್ತೆ ಬೋರ್ಡಿನ ದುಂಡು ದುಂಡು ಒಡಿಯಾ ಅಕ್ಷರ. ಅಜ್ಜಿ ಜಗನ್ನಾಥನ ಹತ್ತಿರ ಏನು ಬೇಡಿಕೊಂಡಳೋ ಹೇಳಲಿಲ್ಲ. ಹೊರಗೆ ಬಂದು ಒಂದು ಗಿಲಕಿ ಕೊಂಡಳು.

ವಾಪಸ್ ಟಿಕೆಟ್ ಗದಗಿನವರೆಗೆ ಇತ್ತು. ಕೊಪ್ಪಳ ಬಂದಾಗ ಕಾಕಾ "ಇಲ್ಲೇ ಇಳೀರಿ" ಅಂದ್ರು. ಪ್ಲಾಟ್‌ಫಾರ್ಮ್ ಮೇಲೆ ನಿರೀಕ್ಷೆಯಂತೆ ಗುರುತಿನವರೊಬ್ಬರು ಸಿಕ್ಕು "ಯಾರ ಕೂಸು?" ಅಂತ ಕೇಳಿಯೂ ಬಿಟ್ರು. ಎಲ್ಲರೂ ಅಜ್ಜಿ ಮುಖ ನೋಡಿದ್ವಿ. "ನಮ್ಮ ಮೊಮ್ಮಗಳು. ಒಡಿಶಾದಾಗ ಹುಟ್ಯಾಳ" ಅಂದು ಮುಂದೆ ನಡೆದಳು.

ಜಿಲ್ಲಾಧಿಕಾರಿಗಳ ದತ್ತು ಆದೇಶ ಆಮೇಲೆ ಬಂತು. ಎರಡು ವರ್ಷ, ಆರು ತಿಂಗಳಿಗೊಮ್ಮೆ ಅಧಿಕಾರಿಗಳು ಬಂದು ನೋಡ್ತಾರೆ. 18 ತುಂಬಿದ ಮೇಲೆ ತನ್ನ ಮೂಲದ ಬಗ್ಗೆ ಸಂಸ್ಥೆಯನ್ನ ಕೇಳೋ ದಾರಿ ಪುಟ್ಟಿಗೆ ಕಾನೂನಲ್ಲೇ ಇದೆ. ಆದರೆ ಹೆತ್ತವರ ಗುಟ್ಟನ್ನ ಕಾಪಾಡ್ತಾರೆ, ಹಾಗಾಗಿ ಎಲ್ಲಾ ಪ್ರಶ್ನೆಗೂ ಉತ್ತರ ಸಿಗುತ್ತೆ ಅಂತ ಅಲ್ಲ. ಅಷ್ಟರಲ್ಲಿ ಅವಳಿಗೆ ಕೊಡೋಕೆ ನಮ್ಮ ಹತ್ತಿರ ಒಂದು ಆಲ್ಬಮ್ ಇದೆ.

ಈಗ ಪುಟ್ಟಿ ನಮ್ಮ ಹಾಗೇ "ಹೌದಲ್ಲ, ಬ್ಯಾಡ" ಅಂತಾಳೆ. ಮೊನ್ನೆ ರಾತ್ರಿ ಅಂಗಳದಲ್ಲಿ ನಿಂತು "ಜಹ್ನಮಾಮು" ಅಂದ್ವಿ. ಅವಳು ನಮ್ಮ ಮುಖ ನೋಡಿದಳು, ಮೇಲೆ ನೋಡಲಿಲ್ಲ. ಮರೆತಿದ್ದಾಳೆ. ಕಾಕಿ ಒಳಗೆ ಹೋಗಿ ಆಲ್ಬಮ್ಮಿನ ಮೊದಲ ಪುಟದಲ್ಲಿ ಆ ಶಬ್ದ ಬರೆದಿಟ್ರು.

ಇದನ್ನ ಬರೆಯೋ ಮುಂಚೆ ಮನೆಯಲ್ಲಿ ಕೇಳಿದ್ವಿ. ಹೆಸರೊಂದು ಬಿಟ್ಟು ಬರೀರಿ ಅಂದ್ರು. ಬರೆದಿದ್ದೀವಿ. ಒತ್ತಕ್ಷರ ತಪ್ಪಿದ್ರೆ ಕನ್ನಡ ಸಂಘದವರು ತಿದ್ದಿಕೊಳ್ಳಿ.