ಮೂಲಂಗಿಗೆ ಹುಳಿಯೊಂದೇ ಗತಿಯೇ?

ಮೈಸೂರು, ಬೆಂಗಳೂರು ಸೀಮೆಯ ಮನೆಗಳಲ್ಲಿ ಮೂಲಂಗಿಯ ಹಣೆಬರಹ ಅದು ಚೀಲದಿಂದ ಇಳಿಯುವ ಮೊದಲೇ ಬರೆದಾಗಿರುತ್ತದೆ. ಬಿಲ್ಲೆಬಿಲ್ಲೆಯಾಗಿ ಹೆಚ್ಚಿಸಿಕೊಂಡು ತೊಗರಿಬೇಳೆಯ ಹುಳಿಗೆ ಬೀಳಬೇಕು. ಹುಳಿಯೇನೋ ರುಚಿಯಾಗಿಯೇ ಇರುತ್ತದೆ. ಆದರೆ ಕುಕ್ಕರ್ ಕೂಗಿದ ಕೂಡಲೇ ಮೂಗು ಮುಚ್ಚಿಕೊಳ್ಳುವವರು, ಊಟಕ್ಕೆ ಕೂತು ಬಿಲ್ಲೆಗಳನ್ನೆಲ್ಲ ತಟ್ಟೆಯ ಅಂಚಿಗೆ ಸರಿಸುವವರು ಮನೆಗೊಬ್ಬರಾದರೂ ಸಿಗುತ್ತಾರೆ. ಉತ್ತರ ಕರ್ನಾಟಕದವರಿಗೆ ಈ ತಕರಾರು ಕಡಿಮೆ. ಜೋಳದ ರೊಟ್ಟಿಯ ಪಕ್ಕದಲ್ಲಿ ಹಸಿ ಮೂಲಂಗಿಯನ್ನೇ ಇಟ್ಟುಕೊಂಡು ಕಟಕಟ ಕಡಿಯುತ್ತಾರೆ.

ಘಾಟಿನ ತಪ್ಪನ್ನು ಅರ್ಧ ಈಳಿಗೆಮಣೆಯ ಮೇಲೂ ಹೊರಿಸಬಹುದು. ಇಡೀ ಮೂಲಂಗಿಗೆ ಅಂಥ ಖಾರವೇನಿಲ್ಲ. ಅದರ ಜೀವಕೋಶಗಳಲ್ಲಿ ಗಂಧಕವಿರುವ ಒಂದು ವಸ್ತುವೂ ಅದನ್ನು ಒಡೆಯುವ ಕಿಣ್ವವೂ ಬೇರೆಬೇರೆ ಕಡೆ ಇರುತ್ತವೆ. ಹೆಚ್ಚಿದಾಗ, ತುರಿದಾಗ ಎರಡೂ ಕೂಡಿ ಮೂಗಿಗೇರುವ ಖಾರ ಹುಟ್ಟುತ್ತದೆ. ತುರಿದು ಇಟ್ಟಷ್ಟೂ ಘಾಟು. ದಪ್ಪ ಹೋಳು ಮಾಡಿ ಕೂಡಲೇ ಬಿಸಿಗೆ ಹಾಕಿದರೆ ಕಿಣ್ವ ಸತ್ತು ಸೌಮ್ಯವಾಗುತ್ತದೆ. ಗಡ್ಡೆಯ ತುದಿ ಖಾರ, ಸೊಪ್ಪಿನ ಬುಡದ ಭಾಗ ಸಿಹಿ. ಬಿಸಿಲಿಗೆ ಬೆಳೆದದ್ದು ಖಾರವೂ ಹೌದು, ಬೇಗ ಬೆಂಡೂ ಆಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ನಿಶಾಂತ್’ ತಳಿ 50–55 ದಿನಗಳಲ್ಲೇ ಕೊಯ್ಲಿಗೆ ಬರುತ್ತದೆ. ಮಾರುಕಟ್ಟೆಯಲ್ಲಿ ಈಗ ವರ್ಷವಿಡೀ ಮೂಲಂಗಿ ಉಂಟು. ಆದರೂ ಪುಷ್ಯ ಮಾಸದ ಚಳಿಯಲ್ಲಿ ಕಿತ್ತದ್ದರ ರಸವೇ ಬೇರೆ.

ಇಷ್ಟು ತಿಳಿದ ಮೇಲೆ ಹುಳಿಯ ಪಾತ್ರೆಯಿಂದ ಹೊರಬರುವುದು ಸುಲಭ. ಮೂಲಂಗಿಯಲ್ಲಿ ಶೇಕಡಾ 95ರಷ್ಟು ನೀರೇ. ಅದಕ್ಕೇ ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗಷ್ಟೇ ಹಾಕಬೇಕು, ಇಲ್ಲದಿದ್ದರೆ ಹೆಸರುಬೇಳೆ ತೇಲಾಡುತ್ತದೆ. ಪಂಜಾಬಿನವರು ಪರಾಠದ ಹೂರಣಕ್ಕೆ ಬೇಕೆಂದೇ ತುರಿಗೆ ಉಪ್ಪು ಬೆರೆಸಿ ಹಿಂಡುತ್ತಾರೆ. ಜಾಣರು ಆ ನೀರನ್ನೂ ಚೆಲ್ಲದೆ ಅದರಲ್ಲೇ ಹಿಟ್ಟು ಕಲಸುತ್ತಾರೆ. ಅದೇ ತುರಿಗೆ ಅಕ್ಕಿಹಿಟ್ಟು, ಹಸಿಮೆಣಸಿನಕಾಯಿ, ಜೀರಿಗೆ ಸೇರಿಸಿ ಕಾವಲಿಯ ಮೇಲೆ ತಟ್ಟಿದರೆ ನಮ್ಮ ಅಕ್ಕಿರೊಟ್ಟಿ. ಸ್ವಾರಸ್ಯವೆಂದರೆ ಚೀನಾದ ಕ್ಯಾಂಟನ್ ಸೀಮೆಯವರು ಹೊಸ ವರ್ಷಕ್ಕೆ ಮಾಡುವ ‘ಲೋ ಬಾಕ್ ಗೋ’ಗೂ ಮುಖ್ಯ ಸಾಮಗ್ರಿ ಮೂಲಂಗಿ ತುರಿ ಮತ್ತು ಅಕ್ಕಿಹಿಟ್ಟೇ. ಅವರು ಹಬೆಯಲ್ಲಿ ಬೇಯಿಸಿ, ಆರಿಸಿ, ಬಿಲ್ಲೆ ಕತ್ತರಿಸಿ, ಎಣ್ಣೆಯಲ್ಲಿ ಕೆಂಪಗೆ ಹುರಿಯುತ್ತಾರೆ. ಅವರು ಸೇರಿಸುವ ಮಾಂಸ, ಒಣ ಸಿಗಡಿಯ ಬದಲು ಕರಿಬೇವು, ಶುಂಠಿ ಹಾಕಿದರೆ ಇಡ್ಲಿ ಪಾತ್ರೆಯೇ ಸಾಕು. ಈ ಚಳಿಗಾಲದಲ್ಲಿ ಒಂದನ್ನೇ ಹೊಸದಾಗಿ ಮಾಡುವುದಾದರೆ ಇದನ್ನೇ ಮಾಡಬೇಕು.

ಜಪಾನಿನವರದು ಇನ್ನೂ ತಾಳ್ಮೆಯ ದಾರಿ. ಎರಡು ಬೆರಳು ದಪ್ಪದ ಬಿಲ್ಲೆಗಳನ್ನು ಅಕ್ಕಿ ತೊಳೆದ ನೀರಿನಲ್ಲಿ, ನಮ್ಮಲ್ಲಿ ಕೊಟ್ಟಿಗೆಗೆ ಹೋಗುವ ಆ ಅಕ್ಕಚ್ಚಿನಲ್ಲಿ, ಸಣ್ಣ ಉರಿಯಲ್ಲಿ ಕುದಿಸುತ್ತಾರೆ. ಕಹಿ, ಘಾಟು ಇಳಿದು ಹೋಳು ಬೆಣ್ಣೆಯಾಗುತ್ತದೆ. ಕೊರಿಯಾದವರಿಗೆ ಅಷ್ಟು ಸೌಮ್ಯ ಹಿಡಿಸದು. ಚೌಕ ಹೋಳುಗಳಿಗೆ ಉಪ್ಪು, ಮೆಣಸಿನಪುಡಿ ಬೆರೆಸಿ ಹುದುಗಲು ಬಿಡುತ್ತಾರೆ.

ಸೊಪ್ಪಿನ ವಿಷಯದಲ್ಲಿ ಮಾತ್ರ ಯಾರಿಂದಲೂ ಕಲಿಯಬೇಕಾದ್ದಿಲ್ಲ. ಹಳೇ ಮೈಸೂರಿನ ಬಸ್ಸಾರು ಇದ್ದೇ ಇದೆ: ಬಸಿದ ಕಟ್ಟು ಸಾರಿಗೆ, ಉಳಿದ ಸೊಪ್ಪು-ಬೇಳೆ ಪಲ್ಯಕ್ಕೆ. ಕ್ಯಾಲ್ಸಿಯಂ, ವಿಟಮಿನ್ ‘ಸಿ’ ಎರಡೂ ಗಡ್ಡೆಗಿಂತ ಸೊಪ್ಪಿನಲ್ಲೇ ಹೆಚ್ಚು. ತರಕಾರಿಯವರು ಅದನ್ನು ಮುರಿದೆಸೆಯುವ ಮೊದಲೇ ತಡೆಯಿರಿ. ಸೊಪ್ಪು ಬಾಡಿದ್ದರೆ ಗಡ್ಡೆಯೂ ಹಳೆಯದೇ, ಕೊಳ್ಳಬೇಡಿ. ಮನೆಗೆ ತಂದ ಮೇಲೆ ಎರಡನ್ನೂ ಬೇರೆ ಮಾಡಿಡಿ. ಜೊತೆಯಲ್ಲೇ ಬಿಟ್ಟರೆ ಸೊಪ್ಪು ಗಡ್ಡೆಯ ನೀರು ಹೀರಿ ಅದನ್ನು ಮೆತ್ತಗೆ ಮಾಡುತ್ತದೆ.