ಮುಳ್ಳು ನಿಲ್ಲುವ ಹೊತ್ತು

"ಮೈ ನೋಡಬೇಡ ಕಣೋ, ತೂತು ನೋಡು" ಎನ್ನುತ್ತಿದ್ದರು ನಮ್ಮ ಮೇಸ್ತ್ರಿ. ರಾಜಾಜಿನಗರದ ಒಂದು ಶೆಡ್ಡಿನಲ್ಲಿ, ಹರಿಹರದಲ್ಲಿ ತಯಾರಾದ ಕಿರ್ಲೋಸ್ಕರ್ ಲೇತಿನ ಮೇಲೆ, ದವಡೆಗಳನ್ನು ಒಂದೊಂದಾಗಿ ಬಿಗಿಸುವ ಫೋರ್ ಜಾ ಚಕ್ಕಿನಲ್ಲಿ ಜಾಬ್ ಸೆಂಟರ್ ಮಾಡುವುದನ್ನು ಕಲಿತೆ. ಅವರ ಮಾತು ಪೂರ್ತಿ ಅರ್ಥವಾದದ್ದು ಅಮೆರಿಕಕ್ಕೆ ಬಂದು, ಗ್ಯಾರೇಜಿನಲ್ಲಿ ಗುರಿಸ್ಪರ್ಧೆಯ ರೈಫಲ್‌ಗಳಿಗೆ ಬ್ಯಾರೆಲ್ ಕೂರಿಸಲು ತೊಡಗಿದ ಮೇಲೆ.

ಬ್ಯಾರೆಲ್ ಹೊರಗಿನಿಂದ ನೆಟ್ಟಗೆ ಕಾಣುತ್ತದೆ. ಒಳಗಿನ ತೂತು ಮಾತ್ರ ಎಲ್ಲೋ ಕೂದಲೆಳೆಯಷ್ಟು ವಾಲಿರುತ್ತದೆ; ವಾಲದ್ದನ್ನು ನಾನಿನ್ನೂ ಕಂಡಿಲ್ಲ. ಹೊರಮೈ ನಂಬಿ, ತೋಟಾ ಕೂರುವ ಚೇಂಬರ್ ಕೊರೆದರೆ ಗುಂಡು ತೂತಿನೊಳಗಿನ ಸುರುಳಿ ಗೆರೆಗಳಿಗೆ, ಅಂದರೆ ರೈಫ್ಲಿಂಗಿನೊಳಕ್ಕೆ, ಸೊಟ್ಟಗೆ ನುಗ್ಗುತ್ತದೆ, ಹಲಗೆಯ ಮೇಲೆ ಏಟುಗಳು ಚದುರುತ್ತವೆ. ಹಾಗಾಗಿ ಬ್ಯಾರೆಲ್ಲನ್ನು ಸ್ಪಿಂಡಲ್ ಒಳಗೆ ತೂರಿಸಿ, ಮುಂದೆ ಫೋರ್ ಜಾ ಚಕ್ಕಿನಲ್ಲೂ ಹಿಂದೆ ನಾಲ್ಕು ಸ್ಕ್ರೂಗಳ ಸ್ಪೈಡರಿನಲ್ಲೂ ಹಿಡಿಸುತ್ತೇನೆ. ಚಕ್ ಕಚ್ಚುವಲ್ಲಿ ದಪ್ಪ ತಾಮ್ರದ ತಂತಿ ಒಂದು ಸುತ್ತು. ಜಾ ಚಪ್ಪಟೆಯಾಗಿ ಅಮುಕಿದರೆ ಬ್ಯಾರೆಲ್ ಬಾಗುತ್ತದೆ. ತಂತಿಯ ಮೇಲಾದರೆ ಕೀಲಿನಂತೆ ಹೊರಳುತ್ತದೆ.

ಸೆಂಟರ್ ನೋಡಲು ಹಲವರು ರೇಂಜ್ ರಾಡ್ ಬಳಸುತ್ತಾರೆ: ತೂತಿಗೆ ಹೊಂದುವ ಬುಷ್ ಹಾಕಿದ ಉದ್ದನೆಯ ಸಲಾಕೆ, ಅದರ ಮೇಲೆ ಡಯಲ್. ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಬುಷ್ ಚೂರು ಸಡಿಲವಿದ್ದರೂ ಆ ಸಲಾಕೆಯ ಲೆಕ್ಕ ನಂಬುವ ಹಾಗಿಲ್ಲ. ನನಗೆ ಉದ್ದ ಮೂತಿಯ ಟೆಸ್ಟ್ ಇಂಡಿಕೇಟರೇ ಆಗಬೇಕು. ಅದರ ಪುಟ್ಟ ದುಂಡನೆಯ ತುದಿ ನೇರವಾಗಿ ಗ್ರೂವನ್ನೇ, ಅಂದರೆ ರೈಫ್ಲಿಂಗಿನ ತೋಡನ್ನೇ, ಮುಟ್ಟುತ್ತದೆ; ತೋಡುಗಳ ನಡುವಿನ ಏಣೇ ಲ್ಯಾಂಡ್. .308 ಬ್ಯಾರೆಲ್ಲಿನಲ್ಲಿ ಲ್ಯಾಂಡಿನಿಂದ ಲ್ಯಾಂಡಿಗೆ 0.300 ಇಂಚು, ಗ್ರೂವಿನಿಂದ ಗ್ರೂವಿಗೆ 0.308. ಚಕ್ಕನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸುತ್ತೇನೆ. ಲ್ಯಾಂಡ್ ಬಂದಾಗಲೆಲ್ಲ ಮುಳ್ಳು ಟಕ್ಕನೆ ಎಗರಿ, ಮತ್ತೆ ಗ್ರೂವಿಗೆ ಇಳಿಯುತ್ತದೆ. ಎಗರಿದ್ದನ್ನು ಬಿಟ್ಟು ಇಳಿದ ಜಾಗವನ್ನಷ್ಟೇ ಓದಬೇಕು. ಕಣ್ಣು ಇದಕ್ಕೆ ಪಳಗಲು ತಿಂಗಳುಗಳೇ ಹಿಡಿದವು.

ಮುಳ್ಳು ಒಟ್ಟು ಎಷ್ಟು ಓಡಿತೋ ಅದರ ಅರ್ಧದಷ್ಟು ತಳ್ಳಬೇಕು. ಎದುರಿನ ಜಾ ಸಡಿಲಿಸು, ಈಚಿನದನ್ನು ಬಿಗಿ ಮಾಡು. ಚೇಂಬರ್ ಮುಗಿದು ರೈಫ್ಲಿಂಗ್ ಶುರುವಾಗುವ ಥ್ರೋಟ್ ಬರುವಲ್ಲಿ ಚಕ್ಕಿನಿಂದ ಸರಿಪಡಿಸಿ, ಅಲ್ಲಿಂದ ಎರಡಿಂಚು ಒಳಗೆ ಸ್ಪೈಡರಿನಿಂದ ಸರಿಪಡಿಸುತ್ತೇನೆ. ಅದು ಸರಿಯಾಗುವಷ್ಟರಲ್ಲಿ ಇದು ಕೆಟ್ಟಿರುತ್ತದೆ. ಮತ್ತೆ ಮೊದಲಿನಿಂದ. ಆಮೇಲೆ ಯಾವುದೋ ಒಂದು ಸುತ್ತಿನಲ್ಲಿ, ಒಂದು ಗ್ರೂವಿನಿಂದ ಇನ್ನೊಂದಕ್ಕೆ ಮುಳ್ಳು ಅದೇ ಗೆರೆಗೆ ಬಂದು ಕೂರುತ್ತದೆ. ಆ ಒಂದು ಗೆರೆಯೆಂದರೆ 0.0001 ಇಂಚು. ಎರಡೂ ಜಾಗದಲ್ಲಿ ಹಾಗೆ ಕೂತಾಗ ಚಕ್ಕಿನ ಕೀ ತೆಗೆದಿಟ್ಟು, ಸುಮ್ಮನೆ ಇನ್ನೆರಡು ಸುತ್ತು ತಿರುಗಿಸಿ ನೋಡುತ್ತೇನೆ, ಖುಷಿಗೆ.

ಇಷ್ಟಕ್ಕೆ ಒಂದೊಂದು ಸಲ ಇಡೀ ಸಂಜೆ ಹೋಗುತ್ತದೆ. ರೀಮರ್ ಹಾಕಿ ಚೇಂಬರ್ ಕೊರೆಯಲು ಅಷ್ಟು ಹೊತ್ತು ಬೇಕಾಗುವುದಿಲ್ಲ.