ನಮ್ಮ ಮನೆಗೆ ಬಂದ ಜೋಳದ ಚೀಲ

2023ರ ಜನವರಿಯ ಒಂದು ಸಂಜೆ. ದನ ಮನೆಗೆ ಬರುವ ಹೊತ್ತು. ನಮ್ಮ ಸಭೆಯ ಮೂವರು ಹೆಣ್ಣುಮಕ್ಕಳು ಬಾಗಿಲಿಗೆ ಬಂದು ನಿಂತರು. ಮುಂದೆ ದೊಡ್ಡವ್ವ, ಹಿಂದೆ ಇನ್ನಿಬ್ಬರು. ಒಬ್ಬಾಕೆಯ ತಲೆಯ ಮೇಲೆ ಒಂದು ಚೀಲ.

ಆ ಚೀಲ ನನಗೆ ಚೆನ್ನಾಗಿ ಗೊತ್ತು. ಎಷ್ಟೋ ಸಲ ನಾನೇ ಅದನ್ನು ಬೈಕಿನ ಮೇಲೆ ಇಟ್ಟುಕೊಂಡು ಬೇರೆಯವರ ಮನೆಗೆ ಮುಟ್ಟಿಸಿ ಬಂದಿದ್ದೆ. ಅವತ್ತು ಅದು ನಮ್ಮ ಮನೆಗೇ ಬಂದಿತ್ತು.

ನಾನು ಬಾಗಿಲಿಗೆ ಅಡ್ಡ ನಿಂತೆ. "ನಮಗ ಬ್ಯಾಡ ದೊಡ್ಡವ್ವ. ಯಾರರ ಬಡವರು ಇದ್ರ ಅವರಿಗಿ ಕೊಡ್ರಿ" ಅಂದೆ.

ಒಳಗೆ ಅಪ್ಪ ಮಂಚದ ಮೇಲೆ ಮಲಗಿದ್ದ. ಹಿಟ್ಟಿನ ಡಬ್ಬಿ ಖಾಲಿಯಾಗಿ ಎರಡು ದಿನ ಆಗಿತ್ತು. ಆದರೂ ನನ್ನ ಬಾಯಿಂದ ಬಂದದ್ದು ಆ ಮಾತು. ಯಾಕೆ ಬಂತು ಅನ್ನುವುದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕೊಡ್ಲಿ. ಮೊದಲು ಚಿಂಚೋಳಿ ತಾಲೂಕಿನಲ್ಲಿತ್ತು, ಈಗ ಕಾಳಗಿ ತಾಲೂಕಿಗೆ ಸೇರಿದೆ. ನಿಜಾಮರ ಆಳ್ವಿಕೆಯ ಕಾಲದಲ್ಲಿ ಬೀದರ, ಕಲಬುರಗಿ ಭಾಗಕ್ಕೆ ಮೆಥೋಡಿಸ್ಟ್ ಮಿಷನರಿಗಳು ಬಂದರು. ಕೇರಿಗಳಲ್ಲಿದ್ದ ಬಡ ಮನೆಗಳು ಅಲ್ಲೊಂದು ಇಲ್ಲೊಂದು ಕ್ರಿಸ್ತನನ್ನು ನಂಬಿದವು. ನಮ್ಮ ಮನೆತನವೂ ಹಾಗೆ ನಂಬಿದ್ದು. ಸುತ್ತಲಿನ ಹಳ್ಳಿಗಳೆಲ್ಲ ಕೂಡಿ 18 ಮನೆ. ಭಾನುವಾರ ಆರಾಧನೆ, ಶುಕ್ರವಾರ ಯಾರಾದರೊಬ್ಬರ ಮನೆಯಲ್ಲಿ ಪ್ರಾರ್ಥನೆ. ಇಷ್ಟೇ ನಮ್ಮ ಸಭೆ.

ಈ ಸಭೆಯ ಹೆಣ್ಣುಮಕ್ಕಳು ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಅದಕ್ಕೆ 'ಮುಷ್ಟಿ ಜೋಳ' ಅನ್ನುತ್ತೇವೆ. ದಿನಕ್ಕೊಂದು ಸಲ, ರೊಟ್ಟಿಯ ಜೋಳ ತೆಗೆಯುವಾಗ, ಒಂದು ಹಿಡಿ ಜೋಳವನ್ನು ಬೇರೆ ಡಬ್ಬಿಗೆ ಹಾಕುವುದು. ಒಂದು ಹಿಡಿ ಅಂದರೆ ಸುಮಾರು 50 ಗ್ರಾಂ. ತಿಂಗಳಿಗೆ ಒಂದು ಮನೆಯಿಂದ ಒಂದೂವರೆ ಕಿಲೋ. 18 ಮನೆ ಸೇರಿದರೆ 27 ಕಿಲೋ. ತಿಂಗಳ ಕೊನೆಯ ಶುಕ್ರವಾರ ಎಲ್ಲ ಡಬ್ಬಿಗಳನ್ನೂ ಒಂದೇ ಚೀಲಕ್ಕೆ ಸುರಿಯುತ್ತಾರೆ. ಯಾರ ಡಬ್ಬಿ ತುಂಬಿತ್ತು, ಯಾರದು ಅರ್ಧ ಇತ್ತು ಅಂತ ಯಾರೂ ನೋಡುವುದಿಲ್ಲ. ಆ ತಿಂಗಳು ಯಾರ ಮನೆಯಲ್ಲಿ ಕಷ್ಟವಿದೆಯೋ ಅವರಿಗೆ ಆ ಚೀಲ.

ಅಕ್ಕಿ ಯಾಕಲ್ಲ ಅಂತ ನೀವು ಕೇಳಬಹುದು. ಅಕ್ಕಿ ರೇಷನ್ ಅಂಗಡಿಯಲ್ಲಿ ಸಿಗುತ್ತದೆ. ನಮ್ಮ ಕಡೆ ಹೊಟ್ಟೆ ತುಂಬುವುದು ರೊಟ್ಟಿಯಿಂದ, ಅದಕ್ಕೆ ಬೇಕಾದ ಬಿಳಿಜೋಳವನ್ನು ದುಡ್ಡು ಕೊಟ್ಟು ತರಬೇಕು. ಹೆಣ್ಣುಮಕ್ಕಳಿಗೆ ಇದು ಗೊತ್ತು.

ಇಂಥದ್ದು ಬೇರೆ ಕಡೆಯೂ ಇದೆ. ಮಿಜೋರಾಂನಲ್ಲಿ 1910ರ ಸುಮಾರಿಗೆ ಸಭೆಯ ಹೆಂಗಸರು ಅಡುಗೆ ಮಾಡುವಾಗಲೆಲ್ಲ ಒಂದು ಹಿಡಿ ಅಕ್ಕಿ ತೆಗೆದಿಡಲು ಶುರು ಮಾಡಿದರು. ಇಂದಿಗೂ ಅಲ್ಲಿ ಅದು ನಡೆದಿದೆ. ಮೆಥೋಡಿಸ್ಟ್ ಸಭೆಗಳ ಮೂಲಪುರುಷ ಜಾನ್ ವೆಸ್ಲಿಯ ಕಾಲದ ಕಥೆಯೂ ಹೀಗೇ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಸಭೆಗೆ ಕಟ್ಟಡದ ಸಾಲ ಇತ್ತು. ಒಬ್ಬೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಅಂತ ಒಬ್ಬರು ಹೇಳಿದರು. ಬಡವರು ಎಲ್ಲಿಂದ ಕೊಡಬೇಕು ಅನ್ನುವ ಪ್ರಶ್ನೆ ಬಂತು. ಹನ್ನೊಂದು ಬಡವರನ್ನು ನನಗೆ ಒಪ್ಪಿಸಿ, ಅವರ ಕೈಲಾಗದಿದ್ದರೆ ನಾನೇ ತುಂಬುತ್ತೇನೆ ಅಂತ ಅದೇ ಮನುಷ್ಯ ಒಪ್ಪಿಕೊಂಡ. ಹೀಗೆ ಹನ್ನೆರಡು ಹನ್ನೆರಡು ಜನರ ಗುಂಪುಗಳಾದವು. ಗುಂಪಿನ ಮುಖಂಡ ಪ್ರತಿ ವಾರ ಮನೆ ಮನೆಗೆ ಹೋಗಬೇಕಾಯಿತು. ಪೆನ್ನಿ ಕೇಳಲು ಹೋದವನಿಗೆ ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಜಗಳ ಅನ್ನುವುದೆಲ್ಲ ಕಣ್ಣಿಗೆ ಬಿತ್ತು. ಸಾಲ ತೀರಿಸಲು ಹೊರಟವರು ಒಬ್ಬರಿಗೊಬ್ಬರು ಆಸರೆಯಾದರು.

ನಮ್ಮ ದೊಡ್ಡವ್ವನಿಗೆ ಬ್ರಿಸ್ಟಲ್ ಗೊತ್ತಿಲ್ಲ. ಆದರೆ ಯಾರ ಮನೆಯ ಒಲೆ ಉರಿದಿಲ್ಲ ಅನ್ನುವುದು ಗೊತ್ತಿರುತ್ತದೆ.

ಈಗ ನನ್ನ ತಪ್ಪಿನ ಮಾತಿಗೆ ಬರುತ್ತೇನೆ.

2020ರ ಮಾರ್ಚ್ 10ರಂದು ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು. ದೇಶದಲ್ಲಿ ಕೊರೊನಾದಿಂದಾದ ಮೊದಲ ಸಾವು ಅದು. ಎರಡು ವಾರದಲ್ಲಿ ದೇಶವೆಲ್ಲ ಬಂದ್ ಆಯಿತು. ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋದ ನಮ್ಮ ಕಡೆಯ ಜನ ಗಂಟುಮೂಟೆ ಹೊತ್ತು ಹಳ್ಳಿಗೂ ತಾಂಡಾಗಳಿಗೂ ವಾಪಸ್ ಬರತೊಡಗಿದರು. ಕೈಯಲ್ಲಿ ಕೆಲಸ ಇಲ್ಲ, ಮನೆಯಲ್ಲಿ ಕಾಳು ಇಲ್ಲ.

ಆ ತಿಂಗಳುಗಳಲ್ಲಿ ನಮ್ಮ ಸಭೆಯವರು ಒಂದು ಹಿಡಿಯ ಬದಲು ಎರಡು ಹಿಡಿ ಹಾಕಿದರು. ಸಭೆಗೆ ಸೇರದವರಿಗೂ ಚೀಲ ಮುಟ್ಟಿಸಬೇಕೆಂದು ನಿಶ್ಚಯವಾಯಿತು. ದೊಡ್ಡವ್ವ ಒಂದು ಕಟ್ಟಳೆ ಹಾಕಿದಳು. ಚೀಲ ಇಳಿಸಬೇಕು, ಆರೋಗ್ಯ ಕೇಳಬೇಕು, ಬರಬೇಕು. ಅವರಾಗಿಯೇ ಕೇಳದ ಹೊರತು ಪ್ರಾರ್ಥನೆಯ ಮಾತನ್ನೂ ಎತ್ತಬಾರದು. "ಹಸದವರ ಮುಂದ ಚೀಲ ಇಟ್ಟು ಪ್ರಾರ್ಥನಿ ಮಾಡ್ಲೇನು ಅಂತ ಕೇಳಿದ್ರ, ಬ್ಯಾಡ ಅನ್ಲಿಕ್ಕ ಅವರಿಗಿ ಬಾಯಿ ಎಲ್ಲಿರ್ತದ?" ಅಂದಳು. ಕ್ರಿಶ್ಚಿಯನ್ನರು ಚೀಲ ಹೊತ್ತು ಬಂದರೆ ಕೆಲವರ ನೋಟ ಬೇರೆಯಾಗುತ್ತದೆ ಅನ್ನುವುದು ಆಕೆಗೆ ಗೊತ್ತಿತ್ತು. ಆದರೆ ಕಟ್ಟಳೆ ಹಾಕಿದ್ದು ಆ ಅಂಜಿಕೆಗಲ್ಲ, ಹಸಿದವರ ಮರ್ಯಾದೆಗಾಗಿ.

ಆಗ ನಾನು ಜರ್ನಲಿಸಂ ಓದು ಮುಗಿಸಿ ಊರಲ್ಲಿದ್ದೆ. ಬೈಕ್ ಇತ್ತು, ಹುರುಪಿತ್ತು. ಚೀಲ ಮುಟ್ಟಿಸುವ ಕೆಲಸ ನನ್ನದಾಯಿತು. ಒಂದು ದಿನ ಒಂಟಿಯಾಗಿದ್ದ ಒಬ್ಬ ಮುದುಕಿಯ ಗುಡಿಸಲಿಗೆ ಹೋದೆ. ನಮ್ಮ ಸಭೆಯಾಕೆ ಅಲ್ಲ. ಚೀಲ ಆಕೆಯ ಕೈಗೆ ಕೊಡುವಾಗ ಜೊತೆಗಿದ್ದ ಗೆಳೆಯನಿಗೆ ಫೋಟೋ ತೆಗೆ ಅಂದೆ. ಆಕೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. "ಅವ್ವಾ, ಒಂದ್ಸಲ ಈ ಕಡಿ ನೋಡ್ರಿ" ಅಂದೆ. ಆಕೆ ಸೆರಗು ಸರಿಸಿ ನೋಡಿದಳು. ಆ ಫೋಟೋ ನನ್ನ ವಾಟ್ಸಾಪ್ ಸ್ಟೇಟಸ್‌ಗೆ ಹೋಯಿತು, ಫೇಸ್‌ಬುಕ್‌ಗೂ ಹೋಯಿತು. ಲೈಕ್ ಬಂದವು. 'ದೇವರ ಸೇವೆ' ಅಂತ ಜನ ಬರೆದರು. ನಾನೂ ಹಾಗೇ ತಿಳಿದುಕೊಂಡೆ.

ಎರಡು ವರ್ಷ ಕಳೆಯಿತು. 2022ರಲ್ಲಿ ಅಪ್ಪ ಬೇರೆಯವರ ನಾಲ್ಕು ಎಕರೆಯನ್ನು ಪಾಲಿಗೆ ಮಾಡಿ ತೊಗರಿ ಹಾಕಿದ್ದ. ಮಳೆ ಅತಿಯಾಯಿತು. ತೊಗರಿ ಕಾಯಿ ಹಿಡಿಯುವ ಹೊತ್ತಿಗೆ ನೆಟೆ ರೋಗ ಬಂತು. ಈ ರೋಗ ಬೇರಿನಿಂದ ಏರುತ್ತದೆ, ಗಿಡದೊಳಗೆ ನೀರು ಹರಿಯುವ ದಾರಿಯನ್ನೇ ಕಟ್ಟಿಬಿಡುತ್ತದೆ. ಹಸಿರಾಗಿದ್ದ ಗಿಡ ನಿಂತಲ್ಲೇ ಒಣಗುತ್ತದೆ. ಆ ವರ್ಷ ನಮ್ಮ ಜಿಲ್ಲೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಎಲ್ಲರ ಹೊಲವೂ ಹಾಗೇ ಇತ್ತು. ಪಹಣಿಯಲ್ಲಿ ಹೆಸರಿದ್ದವರಿಗೆ ಪರಿಹಾರದ ಆಸೆಯಾದರೂ ಇತ್ತು, ಪಾಲಿಗೆ ಮಾಡಿದ ಅಪ್ಪನಿಗೆ ಅದೂ ಇರಲಿಲ್ಲ.

ಡಿಸೆಂಬರಿನಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಮಾತು ತೊದಲಿತು. ಕಲಬುರಗಿಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆವು. ಅವ್ವನ ಬೋರಮಾಳ ಹೋಯಿತು, ನನ್ನ ಬೈಕ್ ಹೋಯಿತು. ಮನೆಗೆ ಬಂದಾಗ ಉಳಿದದ್ದು ಔಷಧದ ಚೀಟಿ ಮತ್ತು ಸಾಲ.

ನಮ್ಮ ಮೆಥೋಡಿಸ್ಟ್ ಸಭೆಗಳಲ್ಲಿ ಒಡಂಬಡಿಕೆಯ ಆರಾಧನೆ ಅಂತ ಒಂದಿದೆ. ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಅದನ್ನು ಶುರು ಮಾಡಿದ. ಹೊಸ ವರ್ಷ ಬರುವ ಹೊತ್ತಿಗೆ ಅದನ್ನು ಮಾಡುತ್ತಾರೆ. ದೇವರು ಕೆಲಸ ಕೊಟ್ಟಾಗ ಮಾತ್ರವಲ್ಲ, ಕೆಲಸದಿಂದ ಬದಿಗೆ ಕೂರಿಸಿದಾಗಲೂ ನಾನು ಅವನವನೇ ಅಂತ ಒಪ್ಪಿಸಿಕೊಡುವುದು ಅದರ ಸಾರ. ಅಪ್ಪ ಪ್ರತಿ ವರ್ಷ ಎದ್ದು ನಿಂತು ಗಟ್ಟಿಯಾಗಿ ಅದನ್ನು ಹೇಳುತ್ತಿದ್ದ. ಆ ವರ್ಷ ಡಿಸೆಂಬರ್ 31ರ ರಾತ್ರಿ ಮಂಚದ ಮೇಲೆ ಮಲಗಿಕೊಂಡೇ ತೊದಲಿದ. ಪಕ್ಕದಲ್ಲಿ ಕುಳಿತ ನಾನು ಬಾಯಿ ತೆರೆಯಲಿಲ್ಲ. ನನಗೆ ದೇವರ ಮೇಲೆ ಸಿಟ್ಟಿತ್ತು. ಇಷ್ಟು ಜನಕ್ಕೆ ಚೀಲ ಹೊತ್ತವನ ಮನೆಗೆ ಹೀಗಾ ಮಾಡುವುದು ಅಂತ.

ಅಂದರೆ ನಾನು ಹೊತ್ತ ಚೀಲಗಳ ಲೆಕ್ಕ ಇಟ್ಟಿದ್ದೆ. ಸೇವೆ ಅಂದುಕೊಂಡು ಮಾಡಿದ್ದು ಒಳಗೊಳಗೆ ಸಾಲದ ಪುಸ್ತಕವಾಗಿತ್ತು. ದೇವರೇ ನನಗೆ ಬಾಕಿ ಅಂತ ಬರೆದುಕೊಂಡಿದ್ದೆ.

ಇದಾದ ಕೆಲವೇ ದಿನಕ್ಕೆ ದೊಡ್ಡವ್ವ ಬಾಗಿಲಿಗೆ ಬಂದದ್ದು. ಯಾರರ ಬಡವರಿಗಿ ಕೊಡ್ರಿ ಅಂತ ನಾನು ಅಂದಾಗ ಆಕೆ ಸಿಟ್ಟಾಗಲಿಲ್ಲ. ಚೀಲ ಇಳಿಸಿದಳು.

"ತಮ್ಮಾ, ನಿಮ್ಮವ್ವ ಇಪ್ಪತ್ತು ವರ್ಷ ಮುಷ್ಟಿ ಹಾಕ್ಯಾಳ. ಹೋದ ತಿಂಗಳ ದವಾಖಾನಿಗಿ ಹೋಗೋ ಮುಂದ ಸುದ್ದಾ ಡಬ್ಬಿ ನನ್ನ ಕೈಯಾಗ ಕೊಟ್ಟು ಹೋಗ್ಯಾಳ. ಈ ಚೀಲದಾಗ ನಿಮ್ಮ ಮನಿ ಜ್ವಾಳನೂ ಅದ. ಯಾವ ಕಾಳು ಯಾರ್ದು ಅಂತ ಆರಿಸಿ ತಗೀತಿ?"

ನನ್ನ ಬಳಿ ಉತ್ತರ ಇರಲಿಲ್ಲ. ಒಳಗಿನಿಂದ ಅವ್ವ ಬಂದು ಚೀಲವನ್ನು ಎತ್ತಿಕೊಂಡಳು. ಆಕೆಗೆ ನಾಚಿಕೆ ಇರಲಿಲ್ಲ. ಕೊಡುವಾಗ ದೊಡ್ಡಸ್ತಿಕೆ ಇಲ್ಲದವರಿಗೆ ತೆಗೆದುಕೊಳ್ಳುವಾಗ ನಾಚಿಕೆಯೂ ಇರುವುದಿಲ್ಲ ಅಂತ ಅವತ್ತು ಗೊತ್ತಾಯಿತು.

ಆ ವರ್ಷ ಏಪ್ರಿಲ್ 6 ಪವಿತ್ರ ಗುರುವಾರ. ಯೇಸು ಶಿಷ್ಯರ ಕಾಲು ತೊಳೆದ ಸಂಗತಿಯನ್ನು ಆ ದಿನ ಓದುತ್ತಾರೆ. ಯೋಹಾನನ ಸುವಾರ್ತೆಯ 13ನೇ ಅಧ್ಯಾಯ. ಚಿಕ್ಕಂದಿನಿಂದ ಕೇಳಿದ್ದೆ. ಯಾವಾಗಲೂ ನನ್ನನ್ನು ನಾನು ಕಾಲು ತೊಳೆಯುವವನ ಜಾಗದಲ್ಲೇ ನಿಲ್ಲಿಸಿಕೊಂಡು ಕೇಳಿದ್ದೆ. ಆದರೆ ಆ ಕಥೆಯಲ್ಲಿ ಪೇತ್ರನೂ ಇದ್ದಾನೆ. ತನ್ನ ಕಾಲು ತೊಳೆಯುವುದು ಬೇಡವೇ ಬೇಡ ಅಂತ ಹಟ ಹಿಡಿದವನು. ತೊಳೆಯಿಸಿಕೊಳ್ಳದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಅನ್ನುವ ಅರ್ಥದ ಉತ್ತರ ಯೇಸುವಿನಿಂದ ಬರುತ್ತದೆ. ಬಾಗಿಲಿಗೆ ಅಡ್ಡ ನಿಂತ ನನಗೂ ಅವನಿಗೂ ಏನು ವ್ಯತ್ಯಾಸ?

ದಾಸೋಹ ಅಂದರೆ ಏನು ಅಂತ ಕಲಬುರಗಿ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಶರಣಬಸವೇಶ್ವರರ ನೆಲ ಇದು. ನೀಡುವವನು ತಾನೇ ದಾಸ ಎಂಬ ಭಾವ ಆ ಮಾತಿನಲ್ಲಿದೆ. ಪಂಕ್ತಿಯಲ್ಲಿ ಕುಳಿತವರಿಗೆ ನೀನು ಬಡವ ಅಂತ ಯಾರೂ ಹೇಳುವುದಿಲ್ಲ, ನೀಡಿದವನು ಮುಂದಿನ ಪಂಕ್ತಿಯಲ್ಲಿ ತಾನೂ ಕೂರುತ್ತಾನೆ. ನಮ್ಮ ಸಭೆಯ ಹೆಣ್ಣುಮಕ್ಕಳು ಬೇರೆ ದಾರಿಯಲ್ಲಿ ನಡೆದು ಇದೇ ತಿಳಿವಳಿಕೆಗೆ ಬಂದಿದ್ದರು. ಓದಿದ ನಾನು ತಡವಾಗಿ ಬಂದೆ.

ಈಸ್ಟರ್ ಮುಗಿದ ಮೇಲೆ ಆ ಮುದುಕಿಯ ಗುಡಿಸಲಿಗೆ ಹೋದೆ. ಹಿಂದಿನ ರಾತ್ರಿಯೇ ಫೋಟೋ ಅಳಿಸಿದ್ದೆ. ಆದರೆ ಮೂರು ವರ್ಷದಲ್ಲಿ ಅದು ಎಷ್ಟು ಜನರ ಫೋನಿಗೆ ಹೋಗಿತ್ತೋ, ಅದನ್ನೆಲ್ಲ ಅಳಿಸಲು ನನ್ನಿಂದಾಗದು. ಆಕೆಯ ಎದುರು ಕುಳಿತು, "ಅವ್ವಾ, ಅವತ್ತು ನಿಮ್ಮ ಫೋಟೋ ತಗೊಂಡಿದ್ದೆ. ತಪ್ಪಾಯ್ತು" ಅಂದೆ.

ಆಕೆಗೆ ನೆನಪಿರಲಾರದು ಅಂದುಕೊಂಡಿದ್ದೆ. ನೆನಪಿತ್ತು.

"ಮುಂಬೈದಾಗಿದ್ದ ನನ್ನ ಮಗ ಆ ಫೋಟೋ ನೋಡಿ ಅತ್ತಾನಪ್ಪ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಂದಳು: "ಅವತ್ತ ನನಗ ಜ್ವಾಳ ಬೇಕಾಗಿತ್ತು. ಅದಕ್ಕ ಸೆರಗ ತಗದೆ."

ಆಕೆ ಕ್ಷಮಿಸಿದೆ ಅನ್ನಲಿಲ್ಲ. ಚಹಾ ಮಾಡಿಕೊಟ್ಟಳು. ಈ ಸಲ ಬೇಡ ಅನ್ನದೆ ಕುಡಿದೆ.

ಅಪ್ಪ ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾನೆ. ಬಲಗೈ ಇನ್ನೂ ಬಂದಿಲ್ಲ. ಸಾಲ ಅರ್ಧ ತೀರಿದೆ. ದೇವರ ಮೇಲಿನ ನನ್ನ ಸಿಟ್ಟು ಪೂರ್ತಿ ಹೋಗಿದೆ ಅಂದರೆ ಸುಳ್ಳಾಗುತ್ತದೆ. ಆದರೆ ಲೆಕ್ಕ ಬರೆಯುವುದನ್ನು ಬಿಟ್ಟಿದ್ದೇನೆ. ಒಪ್ಪಿಸಿಕೊಡುವುದು ಅಂದರೆ ನನ್ನ ಮಟ್ಟಿಗೆ ಸದ್ಯ ಇಷ್ಟೇ.

ಚೀಲ ಮುಟ್ಟಿಸುವ ಕೆಲಸ ಮತ್ತೆ ನನ್ನದೇ. ಬೈಕ್ ಇಲ್ಲ, ಸೈಕಲ್ ಮೇಲೆ ಹೋಗುತ್ತೇನೆ. ಹೊರಡುವ ಮೊದಲು ಫೋನನ್ನು ಅವ್ವನ ಕೈಗೆ ಕೊಡುತ್ತೇನೆ. ಅಪ್ಪ ದಿನಾ ಬೆಳಿಗ್ಗೆ ಎಡಗೈಯಿಂದ ಒಂದು ಹಿಡಿ ಜೋಳ ತೆಗೆದು ಡಬ್ಬಿಗೆ ಹಾಕುತ್ತಾನೆ. ಕೈ ನಡುಗಿ ನಾಲ್ಕು ಕಾಳು ನೆಲಕ್ಕೆ ಬೀಳುತ್ತವೆ. ಅವ್ವ ಅವನ್ನು ಒಂದೊಂದಾಗಿ ಆರಿಸಿ ಅದೇ ಡಬ್ಬಿಗೆ ಹಾಕುತ್ತಾಳೆ.